ಇನ್‌ಸ್ಟ್ರಕ್ಷನ್ ಹಿಂದುಮುಂದಾದ್ರೂ ಉತ್ತರ ಯಾಕೆ ಕೆಡಲ್ಲ?

ಪ್ರಶ್ನೆ: ಎಂಟೆಕ್‌ನಲ್ಲಿ ಅಡ್ವಾನ್ಸ್ಡ್ ಕಂಪ್ಯೂಟರ್ ಆರ್ಕಿಟೆಕ್ಚರ್ ತಗೊಂಡಿದೀನಿ ಸರ್. ಪೈಪ್‌ಲೈನ್ ತನಕ ಓಕೆ, ಔಟ್ ಆಫ್ ಆರ್ಡರ್, ಅಂದ್ರೆ ಇನ್‌ಸ್ಟ್ರಕ್ಷನ್‌ಗಳನ್ನ ಬರೆದ ಕ್ರಮ ಬಿಟ್ಟು ಓಡಿಸೋದು, ಶುರುವಾದ್ಮೇಲೆ ತಲೆ ಕೆಟ್ಟೋಯ್ತು. ಪ್ರೊಸೆಸರ್ ತನ್ನಿಷ್ಟ ಬಂದಂಗೆ ಓಡಿಸಿದ್ರೆ ಪ್ರೋಗ್ರಾಂ ಉತ್ತರ ತಪ್ಪಲ್ವಾ?

ಉತ್ತರ: ನಾನೂ ಸಿಕ್ಕಾಕೊಂಡಿದ್ದು ಇಲ್ಲೇ. ಮದುವೆಮನೆ ಊಟ ನೆನೆಸ್ಕೊಳಿ, ಎಲೆಗೆ ಬಡಿಸೋ ಕ್ರಮ ಬದಲಾಗಲ್ಲ, ಉಪ್ಪು ಕೋಸಂಬರಿ ಪಲ್ಯ ಆಮೇಲೆ ಅನ್ನ ಸಾರು, ಆದ್ರೆ ಒಳಗೆ ಅಡುಗೆ ಭಟ್ರು ಅದೇ ಕ್ರಮದಲ್ಲಾ ಮಾಡೋದು? ಯಾವ್ದಕ್ಕೆ ಸಾಮಾನು ಬಂದಿದ್ಯೋ ಅದು ಒಲೆ ಮೇಲೆ. ಬೇಳೆ ಬೇಯದೆ ಸಾರಿಲ್ಲ, ಇದು ನಿಜವಾದ ಡಿಪೆಂಡೆನ್ಸಿ, ಕಾಯಲೇಬೇಕು. ಸಾರಿನ ಕೊಪ್ಪರಿಗೆ ಖಾಲಿಯಾಗ್ಲಿ ಆಮೇಲೆ ಪಾಯಸ ಅನ್ನೋದು ಮಾತ್ರ ಸುಳ್ಳು ಡಿಪೆಂಡೆನ್ಸಿ, ಇನ್ನೊಂದು ಕೊಪ್ಪರಿಗೆ ತಂದಿಟ್ರೆ ಮುಗೀತು. ಪ್ರೊಸೆಸರ್ ಒಳಗೆ ವ್ಯಾಲ್ಯೂ ಇಟ್ಕೊಳೋ ರಿಜಿಸ್ಟರ್ರೇ ಈ ಕೊಪ್ಪರಿಗೆ, ರಿಜಿಸ್ಟರ್ ರೀನೇಮಿಂಗ್ ಅಂದ್ರೆ ಇಷ್ಟೇ.

ಐಬಿಎಂ 360 ಮಾಡೆಲ್ 91 ಅನ್ನೋ ಹಳೇ ಕಂಪ್ಯೂಟರ್‌ನಲ್ಲಿ ಈ ಕೊಪ್ಪರಿಗೆ ಸಮಸ್ಯೆ ನಿಜಕ್ಕೂ ಇತ್ತು, ಪ್ರೋಗ್ರಾಮರ್‌ಗೆ ಕಾಣೋ ಫ್ಲೋಟಿಂಗ್ ಪಾಯಿಂಟ್ (ದಶಾಂಶ ಲೆಕ್ಕದ) ರಿಜಿಸ್ಟರ್ ಬರೀ 4. ಅದಕ್ಕೆ ಐಬಿಎಂನ ರಾಬರ್ಟ್ ಟೊಮಾಸುಲೊ ರಿಸರ್ವೇಶನ್ ಸ್ಟೇಷನ್ (ಇನ್‌ಸ್ಟ್ರಕ್ಷನ್ ಕಾಯೋ ಜಾಗ) ಇಟ್ರು, ಕೂಡೋ ಆಡರ್‌ಗೆ 3, ಗುಣಿಸೋ ಮಲ್ಟಿಪ್ಲೈಯರ್‌ಗೆ 2, ವ್ಯಾಲ್ಯೂ ಇನ್ನೂ ಬಂದಿಲ್ಲ ಅಂದ್ರೆ ಅದನ್ನ ಯಾರು ಕೊಡ್ತಾರೆ ಅನ್ನೋ ಟ್ಯಾಗ್ ಇಟ್ಕೊಂಡು ಕಾಯೋದು, ರಿಸಲ್ಟ್ ಕಾಮನ್ ಡೇಟಾ ಬಸ್ ಮೇಲೆ ಬಂದ ತಕ್ಷಣ ಬೇಕಾದವರೆಲ್ಲ ಒಟ್ಟಿಗೇ ತಗೊಳೋದು. ಪೇಪರ್ ಬಂದಿದ್ದು 1967ರಲ್ಲಿ.

ಆದ್ರೆ ಆ ಮಷೀನ್‌ನಲ್ಲಿ ಬಡಿಸೋ ಕ್ರಮ ಕಾಯೋರು ಇರ್ಲಿಲ್ಲ! ಮಧ್ಯೆ ಎಕ್ಸೆಪ್ಶನ್ (ಸೊನ್ನೆಯಿಂದ ಭಾಗಿಸೋ ಥರದ ಎಡವಟ್ಟು) ಬಂದ್ರೆ ಯಾವ ಇನ್‌ಸ್ಟ್ರಕ್ಷನ್ ತಂದಿದ್ದು ಅಂತ ಸರಿಯಾಗಿ ಹೇಳಕ್ಕಾಗ್ತಿರ್ಲಿಲ್ಲ. ಆ ಕೆಲಸಕ್ಕೆ ರೀಆರ್ಡರ್ ಬಫರ್ ಅನ್ನೋ ಐಡಿಯಾ ಸ್ಮಿತ್ ಮತ್ತು ಪ್ಲೆಸ್ಕುನ್ ಅನ್ನೋ ಸಂಶೋಧಕರು 1985ರಲ್ಲಿ ಕೊಟ್ರು. ಯಾರು ಮೊದ್ಲು ಮುಗಿಸಿದ್ರೂ ಸರಿ, ಕಮಿಟ್ (ರಿಸಲ್ಟ್ ಪಕ್ಕಾ ಮಾಡೋದು) ಮಾತ್ರ ಪ್ರೋಗ್ರಾಂ ಕ್ರಮದಲ್ಲೇ, ಬ್ರಾಂಚ್ ಊಹೆ (ಪ್ರೋಗ್ರಾಂ ಮುಂದೆ ಯಾವ ದಾರಿ ಹಿಡಿಯುತ್ತೆ ಅನ್ನೋ ಅಂದಾಜು) ತಪ್ಪಾದ್ರೆ ಅದರ ನಂತರ ಬಂದಿದ್ದೆಲ್ಲ ಚೆಲ್ಲೋದು. ನಿಮ್ಮ ಉತ್ತರ ಉಳಿಯೋದು ಇದ್ರಿಂದ. ಚೆಲ್ಲಿದ್ರೂ ಘಮ ಅಡುಗೆಮನೆಯಿಂದ ಆಚೆ ಬಂದೇ ಬರುತ್ತೆ ಅನ್ನೋದು ಬೇರೆ ಕಥೆ, ಪ್ರೊಸೆಸರ್ ಪಕ್ಕದ ಸಣ್ಣ ಮೆಮೊರಿ ಕ್ಯಾಶ್‌ನಲ್ಲಿ ಉಳಿದ ಆ ಘಮ ಹಿಡಿದು ಗುಟ್ಟು ಕದಿಯೋದೇ 2018ರ ಜನವರಿಲಿ ಬಯಲಾದ ಸ್ಪೆಕ್ಟರ್ ದಾಳಿ.

ಸ್ಲೈಡ್ ಓದಿ ಇದು ತಲೆಗೆ ಹೋಗಲ್ಲ. ಹತ್ತು ಸಾಲಿನ ಅಸೆಂಬ್ಲಿ ತಗೊಂಡು ಸೈಕಲ್ ಸೈಕಲ್‌ಗೂ ಟೇಬಲ್ ಕೈಯಲ್ಲೇ ಬರೀರಿ, ಆಮೇಲೆ ಜೆಮ್5 ಸಿಮ್ಯುಲೇಟರ್‌ನಲ್ಲಿ ಓ3 (ಔಟ್ ಆಫ್ ಆರ್ಡರ್) ಸಿಪಿಯು ಹಾಕಿ ರೀಆರ್ಡರ್ ಬಫರ್‌ನ ಸೈಜ಼ನ್ನ ಡೀಫಾಲ್ಟ್ 192 ಎಂಟ್ರಿಯಿಂದ 16ಕ್ಕೆ ಇಳಿಸಿ, ಒಂದು ಲೋಡ್ ಕ್ಯಾಶ್ ಮಿಸ್ ಆದಾಗ (ಬೇಕಾದ ಡೇಟಾ ಕ್ಯಾಶ್‌ನಲ್ಲಿ ಸಿಗದೆ ಹೋದಾಗ) ನಂತರದವೆಲ್ಲ ಹೆಂಗೆ ಸಾಲುಗಟ್ಟಿ ನಿಲ್ತಾವೆ ನೋಡಿ.