ಹಟ್ಟುಶದ ಮಣ್ಣಿನ ಚೂರುಗಳನ್ನು ಓದುವ ಬಗೆ

ಟರ್ಕಿಯಲ್ಲಿ ಅಂಕಾರಾದಿಂದ ಪೂರ್ವಕ್ಕೆ ಬೊಗಾಜ್‌ಕಲೆ ಎಂಬ ಊರಿದೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಆ ನಾಡನ್ನಾಳಿದ ಹಿಟ್ಟೈಟರ ರಾಜಧಾನಿ ಹಟ್ಟುಶ ಇದ್ದದ್ದು ಅದರ ಮಗ್ಗುಲಲ್ಲೇ. 1906ರಲ್ಲಿ ಹ್ಯೂಗೋ ವಿಂಕ್ಲರ್ ಮತ್ತು ಥಿಯೋಡರ್ ಮಕ್ರಿಡಿ ಅಲ್ಲಿ ಉತ್ಖನನ ಆರಂಭಿಸಿದರು. ಅಂದಿನಿಂದ ಈವರೆಗೆ ಸುಮಾರು 30,000 ಮಣ್ಣಿನ ಫಲಕಗಳೂ ಚೂರುಗಳೂ ದೊರೆತಿವೆ. ಇಡಿಯಾಗಿ ಉಳಿದ ಫಲಕ ಅಪರೂಪ. ಹಾಗಾಗಿ ಹಿಟ್ಟೈಟ್ ಸಾಹಿತ್ಯದ ಅಧ್ಯಯನ ಶುರುವಾಗುವುದು ಯಾವ ಚೂರು ಯಾವ ಫಲಕದ್ದು ಎಂದು ಪತ್ತೆಹಚ್ಚುವುದರಿಂದ.

ಅಂಗೈಯಗಲದ ಒಂದು ಚೂರು ಕೈಗೆ ಬಂತು ಎನ್ನಿ. ಮೊದಲು ನೋಡಬೇಕಾದ್ದು ಅದರ ಉಬ್ಬು. ಫಲಕದ ಮುಂಬದಿ ಹೆಚ್ಚುಕಡಿಮೆ ಚಪ್ಪಟೆ, ಹಿಂಬದಿ ತುಸು ಉಬ್ಬಿರುತ್ತದೆ. ಹಿಟ್ಟೈಟ್ ಲಿಪಿಕಾರರು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚುತ್ತಿರಲಿಲ್ಲ, ಕೆಳ ಅಂಚನ್ನು ಮೇಲೆ ತಂದು ತಿರುಗಿಸುತ್ತಿದ್ದರು. ದೊಡ್ಡ ಫಲಕದಲ್ಲಿ ಸಾಮಾನ್ಯವಾಗಿ ಬದಿಗೆರಡು ಕಂಬಸಾಲು (ಕಾಲಂ). ಮುಂದೆ ಎಡದಿಂದ ಬಲಕ್ಕೆ ಒಂದು, ಎರಡು. ಹಿಂದೆ ಬಲದಲ್ಲಿ ಮೂರು, ಎಡದಲ್ಲಿ ನಾಲ್ಕು. ಇದನ್ನು ಮರೆತರೆ ಕಥೆಯ ಕೊನೆ ನಡುವಿಗೆ ಬಂದು ಕೂರುತ್ತದೆ.

ಆಮೇಲೆ ಪ್ರತಿಗಳ ಹುಡುಕಾಟ. ಒಂದೇ ಪಠ್ಯವನ್ನು ಹಲವು ಸಲ ನಕಲು ಮಾಡಿಡುವ ಪದ್ಧತಿ ಅಲ್ಲಿತ್ತು, ಆದ್ದರಿಂದ ಒಂದರಲ್ಲಿ ಒಡೆದುಹೋದ ಸಾಲು ಇನ್ನೊಂದರಲ್ಲಿ ಸಿಗಬಹುದು. ಎರಡು ಚೂರು ಅಂಚಿಗೆ ಅಂಚು ಕೂಡಿಕೊಂಡರೆ ಅವುಗಳ ಸಂಖ್ಯೆಗಳ ನಡುವೆ ಕೂಡುವ ಚಿಹ್ನೆ ಹಾಕುತ್ತಾರೆ. ಒಂದೇ ಫಲಕದವೆಂದು ಗೊತ್ತಿದ್ದೂ ಅಂಚು ತಾಗದಿದ್ದರೆ ಆ ಚಿಹ್ನೆ ಆವರಣದೊಳಗೆ ಹೋಗುತ್ತದೆ. ಈ ಕೆಲಸಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಆರಂಭದ ವರ್ಷಗಳ ಅಗೆತವೇ. ಯಾವ ಚೂರು ಯಾವ ಜಾಗದಲ್ಲಿ ಸಿಕ್ಕಿತೆಂಬುದನ್ನು ಆಗ ಸರಿಯಾಗಿ ದಾಖಲಿಸಲಿಲ್ಲ. ಅಕ್ಕಪಕ್ಕ ಬಿದ್ದಿದ್ದ ತುಂಡುಗಳು ದೂರದೂರದ ಸಂಗ್ರಹಗಳಿಗೆ ಸೇರಿಹೋದವು. ಬರ್ಲಿನ್‌ನಲ್ಲಿದ್ದ ಸುಮಾರು 7,400 ಫಲಕಗಳು ಟರ್ಕಿಗೆ ಮರಳಿದ್ದು 1987ರಲ್ಲಿ.

ಲಿಪಿಯ ತೊಡಕು ಬೇರೆಯೇ. ಹಿಟ್ಟೈಟರು ಬಳಸಿದ, ಬೆಣೆಯಾಕಾರದ ಗೀರುಗಳ ಬೆಣೆಲಿಪಿ ಮೆಸೊಪಟೇಮಿಯಾದಿಂದ ಬಂದದ್ದು. ಪ್ರಮಾಣಭೂತ ಚಿಹ್ನಾಕೋಶದಲ್ಲಿ 375 ಚಿಹ್ನೆಗಳಿವೆ. ಈ ಲಿಪಿಯಲ್ಲಿ ನಮ್ಮ ಒತ್ತಕ್ಷರದಂಥ ಸೌಲಭ್ಯವಿಲ್ಲ. ಪ್ರತಿ ಚಿಹ್ನೆಗೂ ಸ್ವರ ಬೇಕೇ ಬೇಕು. 'ಆಣೆಯಿಟ್ಟನು' ಎಂಬುದನ್ನು ಒಮ್ಮೆ 'ಲಿ-ಇನ್-ಇಕ್-ತ' ಎಂದೂ ಮತ್ತೊಮ್ಮೆ 'ಲಿ-ಇನ್-ಕತ್-ತ' ಎಂದೂ ಬರೆದಿದ್ದಾರೆ. ಕ-ಕಾರದ ಆಚೀಚೆ ಇ, ಅ ಹೀಗೆ ಬದಲಾಗುವುದರಿಂದಲೇ ಆ ಸ್ವರಗಳು ಬರಹಕ್ಕಷ್ಟೇ ಸೇರಿದವು, ಉಚ್ಚಾರಣೆಗಲ್ಲ ಎಂದು ಗೊತ್ತಾಗುತ್ತದೆ.

ಇದರ ಜೊತೆಗೆ ಮೆಸೊಪಟೇಮಿಯಾದ ಭಾಷೆಗಳಾದ ಸುಮೇರಿಯನ್ ಮತ್ತು ಅಕ್ಕಡಿಯನ್ ಪದಗಳನ್ನು ಇಡಿಯಾಗಿ ಬರೆದು ಹಿಟ್ಟೈಟ್‌ನಲ್ಲಿ ಓದಿಕೊಳ್ಳುವ ರೂಢಿಯಿತ್ತು. ಭಾಷೆಯ ಬೀಗ ತೆರೆದದ್ದು ಈ ರೂಢಿಯಿಂದಲೇ. ಚೆಕ್ ವಿದ್ವಾಂಸ ಬೆಡ್ರಿಖ್ ಹ್ರೋಜ್ನಿ 1915ರಲ್ಲಿ ಎದುರಿಸಿದ ವಾಕ್ಯ ಇದು: 'ನು ನಿಂಡಾ-ಅನ್ ಎಜ್ಜತ್ತೇನಿ ವಾತರ್-ಮ ಎಕುತ್ತೇನಿ'. ನಿಂಡಾ ಸುಮೇರಿಯನ್ ಪದ, ಅರ್ಥ ರೊಟ್ಟಿ. ರೊಟ್ಟಿಯ ಪಕ್ಕದ ಕ್ರಿಯಾಪದ 'ತಿನ್ನು' ಆಗಿರಬೇಕು. ಸಂಸ್ಕೃತದ 'ಅದ್' ಧಾತುವಿಗೆ ಅದು ಸಂಬಂಧಿ. 'ವಾತರ್' ನೀರು ಎಂಬುದಕ್ಕೆ ಇಂಗ್ಲಿಷ್‌ನ ವಾಟರ್ ಸಾಕ್ಷಿ. 'ಈಗ ನೀವು ರೊಟ್ಟಿ ತಿನ್ನುವಿರಿ, ನೀರು ಕುಡಿಯುವಿರಿ' ಎಂದು ವಾಕ್ಯ ತೆರೆದುಕೊಂಡಿತು. ಹಿಟ್ಟೈಟ್ ಇಂಡೋ-ಯುರೋಪಿಯನ್ ಕುಟುಂಬದ ಭಾಷೆ ಎಂಬುದೂ ಅದರೊಂದಿಗೆ ಖಚಿತವಾಯಿತು.

ಅದೇ ರೂಢಿ ಬಾಗಿಲು ಮುಚ್ಚಿದ್ದೂ ಇದೆ. ಸಂಖ್ಯೆಗಳನ್ನು ಹೆಚ್ಚಾಗಿ ಅಂಕಿಗಳಲ್ಲೇ ಬರೆದರು. ಹೀಗಾಗಿ 'ಐದು' ಎನ್ನಲು ಹಿಟ್ಟೈಟರು ಯಾವ ಪದ ಬಳಸುತ್ತಿದ್ದರೋ ತಿಳಿಯದು. ಆದರೆ ನೆರೆಯ ಮಿತನ್ನಿ ರಾಜ್ಯದ ಕಿಕ್ಕುಲಿ ಎಂಬಾತನ ಹೆಸರಿನ, ಹಿಟ್ಟೈಟ್ ಭಾಷೆಯ ಕುದುರೆ ಪಳಗಿಸುವ ಕೈಪಿಡಿ ಇದೇ ಹಟ್ಟುಶದಲ್ಲಿ ಸಿಕ್ಕಿದೆ. ಕುದುರೆಯನ್ನು ಎಷ್ಟು ಸುತ್ತು ಓಡಿಸಬೇಕೆಂದು ಹೇಳುವಾಗ ಅದರಲ್ಲಿ 'ಐಕ', 'ಪಂಜ', 'ಸತ್ತ' ಎಂಬ ಪದಗಳು ಬರುತ್ತವೆ. ನಾವು ದಿನವೂ ಆಡುವ ಏಕ, ಪಂಚ, ಸಪ್ತಗಳಿಗೆ ಇವು ಹತ್ತಿರದ ನೆಂಟರು. ಪಠ್ಯದ ಭಾಷೆಯ ಸಂಖ್ಯಾಪದ ಕಳೆದುಹೋಗಿ, ಅದರೊಳಗೆ ಬಂದ ಪರಭಾಷೆಯ ಪದ ಉಳಿದಿರುವುದು ಈ ಅಧ್ಯಯನದ ಅತ್ಯಂತ ಸ್ವಾರಸ್ಯದ ಸಂಗತಿಗಳಲ್ಲೊಂದು.

ಕಾಲನಿರ್ಣಯಕ್ಕೆ ಚಿಹ್ನೆಗಳ ಆಕಾರವೇ ಆಧಾರ. ಹಳೆಯ, ನಡುಗಾಲದ ಮತ್ತು ಹೊಸ ಬರವಣಿಗೆಯಲ್ಲಿ ಕೆಲವು ಚಿಹ್ನೆಗಳ ಗೀರುಗಳ ಜೋಡಣೆ ಬದಲಾಗುತ್ತದೆ. ಇಲ್ಲಿ ಎಡವುವುದು ಸುಲಭ: ಆಕಾರ ಹೇಳುವುದು ನಕಲಾದ ಕಾಲವನ್ನು, ರಚನೆಯಾದ ಕಾಲವನ್ನಲ್ಲ. ಕ್ರಿ.ಪೂ. 13ನೇ ಶತಮಾನದ ಪ್ರತಿಯೊಳಗೆ ಮುನ್ನೂರು ವರ್ಷ ಹಿಂದಿನ ಕಥೆ ಇರಬಹುದು. ಆಗ ಹಳೆಯ ವ್ಯಾಕರಣರೂಪಗಳು ಉಳಿದಿವೆಯೇ ಎಂದು ಬೇರೆಯಾಗಿ ಪರೀಕ್ಷಿಸಬೇಕು.

ಫಲಕದ ಕೊನೆಯಲ್ಲಿ ಲಿಪಿಕಾರ ಪಠ್ಯದ ಹೆಸರನ್ನೂ, ಎಷ್ಟನೇ ಫಲಕವೆಂಬುದನ್ನೂ, 'ಮುಗಿಯಿತು' ಅಥವಾ 'ಮುಗಿದಿಲ್ಲ' ಎಂಬುದನ್ನೂ ಬರೆಯುತ್ತಿದ್ದ. ಈ ಸಾಲು ಮುಕ್ಕಾದರೆ ಎಂಥ ಪೇಚು ಎಂಬುದಕ್ಕೆ 1983ರಲ್ಲಿ ಸಿಗತೊಡಗಿದ 'ಬಿಡುಗಡೆಯ ಹಾಡು' ಉದಾಹರಣೆ. ಎಡ ಕಂಬಸಾಲಿನಲ್ಲಿ ನೆರೆನಾಡಿನ ಹುರ್ರಿಯನ್ ಭಾಷೆ, ಬಲ ಕಂಬಸಾಲಿನಲ್ಲಿ ಹಿಟ್ಟೈಟ್ ಅನುವಾದ ಇರುವ ಈ ಕಾವ್ಯ ಹುರ್ರಿಯನ್ ಭಾಷೆಯ ತಿಳುವಳಿಕೆಯನ್ನೇ ಬದಲಿಸಿತು. ಸೆರೆಯಾಳುಗಳನ್ನು ಬಿಡದಿದ್ದರೆ ಎಬ್ಲಾ ನಗರವನ್ನು ನಾಶಮಾಡುವೆನೆಂದು ಗುಡುಗಿನ ದೇವರು ತೆಶುಬ್ ಎಚ್ಚರಿಸುತ್ತಾನೆ. ಸಭೆಯಲ್ಲಿ ಜಜಲ್ಲ ಎಂಬ ಮಾತುಗಾರ ಒಪ್ಪುವುದಿಲ್ಲ. ಉಳಿದ ಫಲಕಗಳ ಅನುಕ್ರಮದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಕಾವ್ಯದ ಕೊನೆಯ ಭಾಗ ಇನ್ನೂ ಸಿಕ್ಕಿಲ್ಲ.