ನುಂಗಿದ ಗುಳಿಗೆಗೆ ಮೂತ್ರದ ಸಾಕ್ಷಿ

ರಜೆಗೆ ಹಾವೇರಿಗೆ ಬಂದಿದ್ದ ನಮ್ಮ ಓಣಿಯ ಹುಡುಗನಿಗೆ ಈಶಾನ್ಯದ ಕಾಡಿನ ಬಗ್ಗೆ ಕೇಳಿದೆ. ಸೈನಿಕ ಅವನು. ಹೇಳಿದ್ದು ಮಾತ್ರ ಮಲೇರಿಯಾ ಗುಳಿಗೆಯ ಬಗ್ಗೆ. "ಸಾಲಾಗಿ ನಿಂದ್ರಿಸಿ ಕೈಯಾಗ ಕೊಡ್ತಾರ್ರೀ ಕಾಕಾ. ನುಂಗಿ ಬಾಯಿ ತಗದು ತೋರಿಸ್ಬೇಕು." ನಾಲಿಗೆ ಎತ್ತಿಯೇ ತೋರಿಸಿದ.

ಮಲೇರಿಯಾ ಬರದಿರಲಿ ಅಂತ ಜ್ವರವೇ ಇಲ್ಲದವರಿಗೆ ಗುಳಿಗೆ ನುಂಗಿಸುವುದು ಎಂದೂ ಸುಲಭ ಇರಲಿಲ್ಲ. ಮಲೇರಿಯಾದ ಹಳೇ ಔಷಧಿ ಕ್ವಿನೈನ್ ಅಂದರೆ ಕೆಟ್ಟ ಕಹಿ, ಮೇಲೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಮೊದಲ ಮಹಾಯುದ್ಧದಲ್ಲಿ ಮೆಸಿಡೋನಿಯಾದಲ್ಲಿದ್ದ ಫ್ರೆಂಚ್ ಸೇನೆ ಸೈನಿಕರ ಮೂತ್ರಕ್ಕೆ ಪಾದರಸ ಬೆರೆತ ದ್ರಾವಣ ಹಾಕಿ ನೋಡುತ್ತಿತ್ತು. ಬೆಳ್ಳಗೆ ಕದಡಿದರೆ ಕ್ವಿನೈನ್ ಹೊಟ್ಟೆ ಸೇರಿದೆ. ತಿಳಿಯಾಗೇ ಇದ್ದರೆ ಗುಳಿಗೆ ಮಣ್ಣುಪಾಲಾಗಿದೆ.

1942ರಲ್ಲಿ ಜಪಾನ್ ಜಾವಾ ಹಿಡಿಯಿತು. ಕ್ವಿನೈನ್ ಕೊಡುವ ಅಲ್ಲಿನ ಸಿಂಕೋನಾ ಮರದ ತೋಟಗಳೂ ಮಿತ್ರಪಡೆಗಳ ಕೈತಪ್ಪಿದವು. ಆಗ ಕ್ವಿನೈನ್ ಬದಲಿಗೆ ಮೆಪಾಕ್ರಿನ್ ಅನ್ನುವ ಗುಳಿಗೆ ಬಂತು. ಅದನ್ನು ನುಂಗಿದವರ ಮೈಯೇ ಹಳದಿಯಾಗುತ್ತಿತ್ತು. ಗಂಡಸ್ತನ ಹೋಗುತ್ತದೆ ಅನ್ನುವ ಸುದ್ದಿಯೂ ಹಬ್ಬಿತು, ಸುಮ್ನೆ ಎಸೆದವರು ಎಷ್ಟೋ. 1943ರಲ್ಲಿ ಬರ್ಮಾ ಗಡಿಯಲ್ಲಿ ಗಾಯಗೊಂಡ ಒಬ್ಬನಿಗೆ 120 ಜನ ಕಾಯಿಲೆಯವರು! ಅಲ್ಲಿನ ಬ್ರಿಟಿಷ್ ಸೇನಾಧಿಪತಿ ಜನರಲ್ ಸ್ಲಿಮ್ ಹೇಳದೇ ಕೇಳದೇ ತಪಾಸಣೆ ಮಾಡಿಸಿದರು. ಶೇಕಡಾ 95ಕ್ಕಿಂತ ಕಡಿಮೆ ಜನ ನುಂಗಿದ್ದರೆ ಶಿಕ್ಷೆ ಸೈನಿಕನಿಗಲ್ಲ, ಅವನ ದಳಪತಿಗೆ. ಮೂವರು ಹುದ್ದೆ ಕಳೆದುಕೊಂಡರು, ಉಳಿದವರು ದಾರಿಗೆ ಬಂದರು. ಹೊಣೆಯನ್ನು ಮೇಲಿನವರ ಮೇಲೆ ಹಾಕಿದ್ದೇ ಇಲ್ಲಿ ಕೆಲಸ ಮಾಡಿದ್ದು ಅಂತ ನನಗನಿಸುತ್ತದೆ.

ಯುದ್ಧದ ನಂತರ ಬಳಕೆಗೆ ಬಂದ ಕ್ಲೋರೋಕ್ವಿನ್ ಮೈಗೆ ಬಣ್ಣ ಹಚ್ಚುವುದಿಲ್ಲ. ಮುಖ ನೋಡಿ ಏನೂ ಗೊತ್ತಾಗುವುದಿಲ್ಲ. ಮತ್ತೆ ಮೂತ್ರವೇ ಗತಿ. ಡಿಲ್ ಮತ್ತು ಗ್ಲಾಜ್ಕೊ ಹೆಸರಿನ ಪರೀಕ್ಷೆ ಹಳ್ಳಿಯಲ್ಲೂ ಮಾಡುವಷ್ಟು ಸರಳ. 1970ರಲ್ಲಿ ಪ್ರಕಟವಾದ ವಿಧಾನ ಹೀಗಿದೆ: ಗಾಜಿನ ನಳಿಕೆಯಲ್ಲಿ ಎರಡು ಮಿಲಿ ಮೂತ್ರ, ಅದಕ್ಕೆ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದ ಇಯೋಸಿನ್ ಬಣ್ಣ ಹತ್ತು ಹನಿ. ಜೋರಾಗಿ ಅಲ್ಲಾಡಿಸಬೇಕು. ತಳಕ್ಕೆ ಇಳಿದ ಹಳದಿ ಪದರ ನೇರಳೆಗೆಂಪಾದರೆ ಔಷಧಿ ಇದೆ.

ಆದರೆ ಕ್ಲೋರೋಕ್ವಿನ್ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಎಷ್ಟು ನುಂಗಿದ, ಯಾವತ್ತು ನುಂಗಿದ, ಆ ಬಣ್ಣ ಹೇಳುವುದಿಲ್ಲ. ಬಿಟ್ಟವನು ಯಾಕೆ ಬಿಟ್ಟ ಅನ್ನುವುದಂತೂ ಇಲ್ಲವೇ ಇಲ್ಲ. ಹೊಟ್ಟೆ ತೊಳಸಿತಾ? ಹೆದರಿದನಾ? ಅದನ್ನು ಕೂತು ಕೇಳಬೇಕು ಅಲ್ವಾ?

ನಮ್ಮಲ್ಲಿ ಈಗ ಮಲೇರಿಯಾ ಸೀಮೆಯಲ್ಲಿ ಆರು ವಾರದೊಳಗಿನ ವಾಸಕ್ಕೆ ದಿನಾ ಡಾಕ್ಸಿಸೈಕ್ಲಿನ್, ಜಾಸ್ತಿ ದಿನಕ್ಕೆ ವಾರಕ್ಕೊಮ್ಮೆ ಮೆಫ್ಲೋಕ್ವಿನ್ ಅನ್ನುವುದು ಸರ್ಕಾರದ ಮಾರ್ಗಸೂಚಿ. ಎರಡನ್ನೂ ಮಲೇರಿಯಾ ಸೀಮೆ ಬಿಟ್ಟು ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಆಗ ಸಾಲೂ ಇಲ್ಲ, ನಳಿಕೆಯೂ ಇಲ್ಲ.

"ಇಲ್ಲಿ ತಗೋತಿಯೇನಪಾ?" ಅಂದೆ. ಒಳಗಿನಿಂದ ಅವನ ಅವ್ವ ಹೇಳಿದರು: "ಉಂಡ ಕೂಡ್ಲೆ ನಾನ ಕೊಡ್ತೀನ್ರಿ. ನುಂಗೋತನಕ ಮುಂದ ನಿಂತಿರ್ತೀನಿ."