ಸಾರಿನಲ್ಲಿ ಬೇಳೆ ಎಷ್ಟಿದೆ?

ತಿಂದಿದ್ದು ಮಗುವಿನ ಮೈಗೆ ಹತ್ತುತ್ತಿಲ್ಲ ಎಂದು ಬರುವವರಿಗೆ ಅನ್ನದ ಲೆಕ್ಕ ಕೇಳಿ ಪ್ರಯೋಜನವಿಲ್ಲ, ಬೇಳೆಯ ಲೆಕ್ಕ ಕೇಳಬೇಕು. ನಾಲ್ಕು ಜನರ ಮನೆಯಲ್ಲಿ ಒಂದು ಹೊತ್ತಿನ ಸಾರಿಗೆ 60 ಗ್ರಾಂ ತೊಗರಿಬೇಳೆ ಹಾಕಿದರೆ ತಲೆಗೆ 15 ಗ್ರಾಂ. ಅದರಲ್ಲಿ ಪ್ರೋಟೀನ್ ಮೂರು ಗ್ರಾಂ ಚಿಲ್ಲರೆ. ತಿಳಿಸಾರಾದರೆ ಅದೂ ಪೂರ್ತಿ ಸಿಗದು. ಬೇಳೆ ತಳದಲ್ಲಿ ಕೂತಿರುತ್ತದೆ, ಸೌಟು ಮೇಲೆಯೇ ಆಡುತ್ತದೆ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಸುಮಾರು 43 ಗ್ರಾಂ, ಹುಡುಗನಿಗೆ 45.

ಅಕ್ಕಿಯಲ್ಲಿ ಪ್ರೋಟೀನ್ ಇಲ್ಲವೆಂದಲ್ಲ, 100 ಗ್ರಾಂಗೆ ಎಂಟು ಗ್ರಾಂ ಹತ್ತಿರ ಇದೆ. ಆದರೆ ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ಒಂದಾದ ಲೈಸಿನ್ ಸಾಲದು. ಬೇಳೆಯಲ್ಲಿ ಲೈಸಿನ್ ಧಾರಾಳ, ಇನ್ನೊಂದು ಅಮೈನೊ ಆಮ್ಲವಾದ ಮೆಥಿಯೊನಿನ್ ಕಮ್ಮಿ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 90 ಗ್ರಾಂ ಅಕ್ಕಿಯ ಅನ್ನ ಉಣ್ಣುವ ಮಗುವಿಗೆ 30 ಗ್ರಾಂ ಬೇಳೆ ಎಂದಾಯಿತು. ಅಷ್ಟನ್ನೂ ಸಾರಿಗೇ ಸುರಿಯಬೇಡಿ, ಮಕ್ಕಳು ಮುಟ್ಟುವುದಿಲ್ಲ. ಪಕ್ಕಕ್ಕೆ ಹೆಸರುಬೇಳೆ ಕೋಸಂಬರಿ ಇಲ್ಲವೇ ಮೊಳಕೆ ಹುರುಳಿಕಾಳಿನ ಉಸಲಿ ಇರಲಿ. ಡಬ್ಬಿಯ ಚಿತ್ರಾನ್ನದಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಕಡಲೇಬೀಜ ಲೆಕ್ಕಕ್ಕಿಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಹಾಕಿದರೆ ಏಳು ಗ್ರಾಂ ಪ್ರೋಟೀನ್ ಬಂತು. ಮೊಟ್ಟೆ ತಿನ್ನುವ ಮನೆಯಾದರೆ ಒಂದಕ್ಕೆ ಆರು ಗ್ರಾಂ.

ರಾಗಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: ರಕ್ತ ಕಡಿಮೆ ಇದ್ದರೆ ರಾಗಿ ಕೊಟ್ಟರೆ ಸಾಕು ಎನ್ನುವುದು. ರಾಗಿಯ ನಿಜವಾದ ಹೆಚ್ಚುಗಾರಿಕೆ ಕ್ಯಾಲ್ಸಿಯಂ, 100 ಗ್ರಾಂಗೆ 364 ಮಿಲಿಗ್ರಾಂ. ಕಬ್ಬಿಣ ಇರುವುದು 4.6 ಮಿಲಿಗ್ರಾಂ ಮಾತ್ರ. ಅದರಲ್ಲೂ ಕಾಳಿನ ಸಹಜ ರಾಸಾಯನಿಕಗಳಾದ ಫೈಟೇಟ್, ಟ್ಯಾನಿನ್‌ಗಳು ಬಹುಪಾಲನ್ನು ದೇಹ ಹೀರಲು ಬಿಡುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿದರೆ ಫೈಟೇಟ್ ಇಳಿಯುತ್ತದೆ.

ಮುಟ್ಟು ಶುರುವಾದ ಹುಡುಗಿಯರಿಗೆ ಈ ವಿಷಯ ಬಹಳ ಮುಖ್ಯ. 13–15ರ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು, ಅದೇ ವಯಸ್ಸಿನ ಹುಡುಗನಿಗೆ 22. ದಂಟಿನ ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ, ಆದರೆ ಒಲೆಯಿಂದ ಇಳಿಸಿದ ಮೇಲೆ. ಕಾಯಿಸಿದರೆ ಕಬ್ಬಿಣ ಹೀರಲು ನೆರವಾಗುವ ವಿಟಮಿನ್ ಸಿ ಹಾಳು. ಊಟದ ಬೆನ್ನಿಗೇ ಕಾಫಿ, ಟೀ ಕೊಡುವ ಅಭ್ಯಾಸವಿದ್ದರೆ ಕನಿಷ್ಠ ಒಂದು ಗಂಟೆ ಮುಂದೂಡಿ. ಪಲ್ಯದ ಕಬ್ಬಿಣಕ್ಕೆ ಅದರಷ್ಟು ಅಡ್ಡಿ ಮಾಡುವ ವಸ್ತು ಅಡುಗೆಮನೆಯಲ್ಲಿ ಇನ್ನೊಂದು ಸಿಗುವುದು ಕಷ್ಟ.

ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಸೊಪ್ಪು, ಬೀಟ್‌ರೂಟ್ ನಂಬಿ ಕೂರದೆ ವೈದ್ಯರಿಗೆ ತೋರಿಸಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ, ಅದು ಕೊರತೆ ಬಾರದಿರಲಿ ಎಂದು. ಬಂದ ಕೊರತೆಗೆ ಆ ಪ್ರಮಾಣ ಸಾಲದು. ಮಾತ್ರೆಯನ್ನು ಹಾಲಿನ ಜೊತೆ ನುಂಗಿಸಬಾರದು. ಖಾಲಿ ಹೊಟ್ಟೆಯಲ್ಲಿ ಹೊಟ್ಟೆ ತೊಳಸಿದರೆ ಊಟವಾದ ಮೇಲೆ ಕೊಡಿ. ಮಾರನೆಯ ದಿನ ಮಲ ಕಪ್ಪಾದರೆ ಗಾಬರಿ ಬೇಡ, ಹೀರದೆ ಉಳಿದ ಕಬ್ಬಿಣದ ಬಣ್ಣ ಅದು.